ಒಂದು ಕಾರ್ಡು, ಎರಡು ಲಿಪಿ

2003ರಲ್ಲಿ ನಮ್ಮ ತಂಗಿಯ ಮದುವೆ. ಕಾರ್ಡು ಮಾಡಿಸಲೆಂದು ಶಿವಮೊಗ್ಗದ ಒಂದು ಡಿ.ಟಿ.ಪಿ. ಅಂಗಡಿಗೆ ಹೋಗಿದ್ದೆವು. ಅಬ್ಬಾ ಅವರಿಗೆ ಉರ್ದು ಇರಲೇಬೇಕು. ಅಕ್ಕಪಕ್ಕದ ಮನೆಯವರಿಗೆ, ನಮ್ಮ ಮೇಷ್ಟ್ರುಗಳಿಗೆ, ಅಂಗಡಿ ಬೀದಿಯ ಗೆಳೆಯರಿಗೆ ಕನ್ನಡ ಬೇಕು. ಒಂದೇ ಹಾಳೆಯಲ್ಲಿ ಬಲಗಡೆ ಉರ್ದು, ಎಡಗಡೆ ಕನ್ನಡ ಇದ್ದರೆ ಚೆಂದ ಎಂದು ನಾವು ಹೇಳಿದೆವು. ಅಂಗಡಿಯ ಹುಡುಗ ನಮ್ಮ ಮುಖ ನೋಡಿ ನಕ್ಕ. "ಭಾಯ್, ಉರ್ದು ಇರೋದು ಇನ್‌ಪೇಜ್‌ನಲ್ಲಿ, ಕನ್ನಡ ಇರೋದು ಪೇಜ್‌ಮೇಕರ್‌ನಲ್ಲಿ. ಅದಕ್ಕೆ ಇದು ಗೊತ್ತಿಲ್ಲ, ಇದಕ್ಕೆ ಅದು ಗೊತ್ತಿಲ್ಲ. ಕತ್ತರೀನೇ ಗತಿ" ಎಂದ.

ಎರಡನ್ನೂ ಬೇರೆಬೇರೆಯಾಗಿ ಬಟರ್ ಪೇಪರ್ ಮೇಲೆ ಮುದ್ರಿಸಿದ. ಕತ್ತರಿಸಿದ. ಅಂಟು ಹಚ್ಚಿ ಪಕ್ಕಪಕ್ಕ ಕೂರಿಸಿದ. ಪ್ಲೇಟ್ ಮಾಡಿಸಲು ಪ್ರೆಸ್ಸಿಗೆ ಕಳಿಸಿದ. ಆ ಕಾರ್ಡಿನ ಒಂದು ಪ್ರತಿ ಈಗಲೂ ನಮ್ಮಲ್ಲಿದೆ. ಕನ್ನಡದ ಭಾಗ ಎಳ್ಳಷ್ಟು ಸೊಟ್ಟಗಿದೆ. ಗೊತ್ತಿಲ್ಲದವರಿಗೆ ಕಾಣುವುದಿಲ್ಲ, ನಮಗೆ ಮಾತ್ರ ಪ್ರತಿ ಸಲವೂ ಕಾಣುತ್ತದೆ.

ಒಂದೇ ಬೀದಿಯಲ್ಲಿ, ಒಂದೇ ಮನೆಯಲ್ಲಿ, ಒಂದೇ ಬಾಯಲ್ಲಿ ಜೊತೆಗಿರುವ ಎರಡು ನುಡಿಗಳಿಗೆ ಒಂದು ಗಣಕಯಂತ್ರದೊಳಗೆ ಜೊತೆಗಿರಲು ಯಾಕೆ ಆಗಲಿಲ್ಲ? ಆ ಹೊತ್ತಿಗೆ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. ಯಂತ್ರ ಅಂದರೆ ಹಾಗೇ ಅಂದುಕೊಂಡಿದ್ದೆವು. ಆಮೇಲೆ ಕತೆ ಬರೆಯುವ ಚಟ ಹತ್ತಿ, ಬರೆದದ್ದನ್ನು ಕಳೆದುಕೊಂಡು, ಕಳೆದದ್ದನ್ನು ಹುಡುಕುವಾಗ ಅದರ ಹಿಂದಿನ ಇತಿಹಾಸ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು.

ಕನ್ನಡವೂ ಉರ್ದುವೂ ಮುದ್ರಣದಲ್ಲಿ ಒಂದು ಕಾಲಕ್ಕೆ ಒಂದೇ ದಾರಿಯಲ್ಲಿ ನಡೆದದ್ದುಂಟು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಕೈಯಲ್ಲಿ ಬರೆದು, ಅದನ್ನು ಕಲ್ಲಿಗೆ ಇಳಿಸಿ, ಕಲ್ಲಿನಿಂದ ಕಾಗದಕ್ಕೆ ಎತ್ತುವ ವಿಧಾನ ಅದು. ಕನ್ನಡ ಅಚ್ಚುಮೊಳೆಗೂ ಒಗ್ಗಿಕೊಂಡಿತು. ಗುಂಡನೆಯ ಅಕ್ಷರ, ಕೆಳಗೊಂದು ಒತ್ತು, ಪಕ್ಕದಲ್ಲೊಂದು ದೀರ್ಘ. ಕಷ್ಟಪಟ್ಟರೂ ಸೀಸದ ತುಂಡುಗಳಲ್ಲಿ ಕನ್ನಡವನ್ನು ಹಿಡಿಯಬಹುದಿತ್ತು. ಉರ್ದು ಮಾತ್ರ ಕಲ್ಲಿನ ಬಳಿಯೇ ಉಳಿಯಿತು.

ಉರ್ದು ಓದುಗರು ನಸ್ತಾಲೀಕ್ ಲಿಪಿಗೆ ಸೋತವರು. ಅದು ಗೆರೆಯ ಮೇಲೆ ನೆಟ್ಟಗೆ ಕೂರುವ ಲಿಪಿಯಲ್ಲ. ಒಂದೊಂದು ಪದವೂ ಬಲಗಡೆ ಮೇಲಿಂದ ಎಡಗಡೆ ಕೆಳಕ್ಕೆ, ಮಲೆನಾಡಿನ ಮನೆಯ ಹಂಚಿನ ಮಾಡಿನಂತೆ, ಇಳಿಜಾರಾಗಿ ಜಾರುತ್ತದೆ. ಪಕ್ಕದಲ್ಲಿ ಯಾವ ಅಕ್ಷರವಿದೆ ಎಂಬುದರ ಮೇಲೆ ಪ್ರತಿ ಅಕ್ಷರದ ಆಕಾರ, ಎತ್ತರ, ಚುಕ್ಕೆಯ ಜಾಗ ಎಲ್ಲವೂ ಬದಲಾಗುತ್ತವೆ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು 19ನೇ ಶತಮಾನದ ಆರಂಭದಲ್ಲೇ ಉರ್ದುವನ್ನು ಅಚ್ಚುಮೊಳೆಯಲ್ಲಿ ಮುದ್ರಿಸಿದರು. ಆದರೆ ಜನ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅರಬ್ಬಿಯ ನಸ್ಖ್ ಲಿಪಿಯಲ್ಲಿ ಉರ್ದು ಓದುವುದೆಂದರೆ ಪರಿಚಯದವರ ದನಿಯನ್ನು ಅಪರಿಚಿತನ ಬಾಯಲ್ಲಿ ಕೇಳಿದ ಹಾಗೆ.

ಹೀಗಾಗಿ ಉರ್ದು ಪತ್ರಿಕೆ, ಪುಸ್ತಕಗಳೆಲ್ಲ ಕಾತಿಬರ ಕೈಯಲ್ಲೇ ಇದ್ದವು. ನಾವು ಕಂಡ ಒಬ್ಬ ಕಾತಿಬ್ ಸಾಹೇಬರು ಮಸೀದಿ ಪಕ್ಕದ ಸಣ್ಣ ಕೋಣೆಯಲ್ಲಿ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಬೆತ್ತದ ಕಲಮ್, ಮಸಿಕುಡಿಕೆ, ಹಳದಿ ಬಳಿದ ಕಾಗದ. ಉರ್ದು ಶಾಲೆಯಿಂದ ಬರುವಾಗ ಕಿಟಕಿಯಲ್ಲಿ ಇಣುಕಿದರೆ, "ಉಸಿರು ಬಿಡಬೇಡ, ಗೆರೆ ಅಲುಗುತ್ತದೆ" ಎಂದು ಗದರುತ್ತಿದ್ದರು. ಚೆನ್ನೈನ 'ದಿ ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆ 1927ರಲ್ಲಿ ಶುರುವಾದದ್ದು. 21ನೇ ಶತಮಾನಕ್ಕೆ ಕಾಲಿಟ್ಟ ಮೇಲೂ ಅದು ಕೈಬರಹದಲ್ಲೇ ಹೊರಬರುತ್ತಿತ್ತು.

ಈ ಲೋಕವನ್ನು ಬದಲಿಸಿದವರೂ ಒಬ್ಬ ಬರಹಗಾರರೇ. ಕರಾಚಿಯ ಅಹ್ಮದ್ ಮಿರ್ಜಾ ಜಮೀಲ್ ಮೋನೋಟೈಪ್ ಕಂಪನಿಯ ಜೊತೆ ಸೇರಿಕೊಂಡರು. ಅಕ್ಷರ ಅಕ್ಷರವಾಗಿ ಕೂಡಿಸಿದರೆ ನಸ್ತಾಲೀಕ್ ಒಲಿಯುವುದಿಲ್ಲ ಎಂದು ಅರಿತು, ಅಕ್ಷರಗಳು ಕೂಡಿಕೊಂಡಾಗ ಆಗುವ ಆಕಾರಗಳನ್ನೇ ಬಿಡಿಬಿಡಿಯಾಗಿ ಬರೆದರು. ಹೀಗೆ ಸುಮಾರು 20,000 ಕೂಡಕ್ಷರಗಳು! ತಂದೆಯ ಹೆಸರಿನಿಂದ ಅದಕ್ಕೆ 'ನೂರಿ ನಸ್ತಾಲೀಕ್' ಎಂದು ಹೆಸರಿಟ್ಟರು. 1981ರಲ್ಲಿ ಲಾಹೋರಿನ 'ಜಂಗ್' ದಿನಪತ್ರಿಕೆ ಈ ಅಕ್ಷರಗಳಲ್ಲಿ ಹೊರಬಂತು. ಮನೆಯ ಮೇಜಿನ ಮೇಲಿನ ಗಣಕಕ್ಕೆ ಅದು ಇಳಿಯಲು ಮತ್ತೂ ಹದಿಮೂರು ವರ್ಷ ಬೇಕಾಯಿತು. 1994ರಲ್ಲಿ ದಿಲ್ಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ ತಂದ 'ಇನ್‌ಪೇಜ್' ಆ ಕೆಲಸ ಮಾಡಿತು. ಅಕ್ಷರ ಹುಟ್ಟಿದ್ದು ಕರಾಚಿಯಲ್ಲಿ, ಅದನ್ನು ಮನೆಮನೆಗೆ ತಂದ ತಂತ್ರಾಂಶ ತಯಾರಾದದ್ದು ದಿಲ್ಲಿಯಲ್ಲಿ. ಗಡಿಯ ಎರಡೂ ಕಡೆಯವರು ಪರಸ್ಪರ ಬೈಯುವ ಸಂಪಾದಕೀಯಗಳನ್ನು ಬರೆದದ್ದೂ ಇದೇ ಇನ್‌ಪೇಜ್‌ನಲ್ಲಿ!

ಇನ್‌ಪೇಜ್ ಬೆಲೆಯ ತಂತ್ರಾಂಶ. ನಕಲು ಮಾಡದಿರಲೆಂದು ಅದಕ್ಕೊಂದು ಬೀಗ ಇತ್ತು. ಗಣಕದ ಹಿಂಬದಿಗೆ ಚುಚ್ಚುವ ಒಂದು ತುಂಡು. ಆದರೆ ಬೀಗ ಒಡೆದ ಪ್ರತಿಗಳು ಸಿ.ಡಿ.ಯಿಂದ ಸಿ.ಡಿ.ಗೆ ಹರಿದಾಡಿದವು. ನಮ್ಮ ಮನೆಗೆ ಬಂದದ್ದೂ ಅಂಥದೇ ಪ್ರತಿ. ಕೊಟ್ಟವನೂ ಕೇಳಲಿಲ್ಲ, ತೆಗೆದುಕೊಂಡ ನಾವೂ ಕೇಳಲಿಲ್ಲ. ಪಕ್ಕದ ಮನೆಯ ಕರಿಬೇವಿನ ಎಲೆಯನ್ನು ಕೇಳದೆ ಕೀಳಲು ಹಿಂಜರಿಯುವ ನಾವು ಹತ್ತಾರು ಸಾವಿರ ರೂಪಾಯಿಯ ತಂತ್ರಾಂಶವನ್ನು ಹಾಗೇ ಜೇಬಿಗಿಳಿಸಿದ್ದೆವು. ಇದನ್ನು ಈಗ ಹೇಳಿಕೊಳ್ಳುವುದು ದೊಡ್ಡಸ್ತಿಕೆಗಲ್ಲ. ಕದ್ದ ಪ್ರತಿಗೆ ಇನ್ನೊಂದು ಶಿಕ್ಷೆಯೂ ಇತ್ತು. ಅದು ಕೆಟ್ಟರೆ ಯಾರನ್ನೂ ಕೇಳುವ ಹಾಗಿರಲಿಲ್ಲ. ತಯಾರಕರಿಗೆ ಪತ್ರ ಬರೆಯಲು ಯಾವ ಮುಖ ಇತ್ತು?

ಇತ್ತ ಕನ್ನಡದ ಕತೆ. 90ರ ದಶಕದ ಪ್ರೆಸ್ಸುಗಳಲ್ಲಿ ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳಿದ್ದವು. ಒಬ್ಬೊಬ್ಬರದು ಒಂದೊಂದು ಕೀಲಿಮಣೆ, ಒಂದೊಂದು ಅಕ್ಷರಕೋಷ್ಟಕ. ಇಲ್ಲಿ ಸ್ವಲ್ಪ ಒಳಗಿನ ಗುಟ್ಟು ಹೇಳಬೇಕು. ಆಗಿನ ಗಣಕಕ್ಕೆ ಕನ್ನಡ ಗೊತ್ತೇ ಇರಲಿಲ್ಲ. ಅದಕ್ಕೆ ಗೊತ್ತಿದ್ದುದು ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನ ಕೆಲವು ಚಿಹ್ನೆಗಳು ಮಾತ್ರ. ಆ ಅಕ್ಷರಗಳ ಮುಖಕ್ಕೆ ಕನ್ನಡದ ಮುಖವಾಡ ಹಾಕುವುದೇ ಫಾಂಟಿನ ಕೆಲಸ. ನಾವು 'ಕನ್ನಡ' ಎಂದು ನುಡಿಯಲ್ಲಿ ಒತ್ತಿದರೆ ಗಣಕ ತನ್ನ ಕಡತದಲ್ಲಿ ಬರೆದುಕೊಳ್ಳುತ್ತಿದ್ದುದು ಬೇರೆಯೇ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀಟಿರುವ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ಕನ್ನಡದ 'ನ' ಎಂದರೆ ಅದರ ಪಾಲಿಗೆ ಪೌಂಡ್! ಮುಖವಾಡ ಇರುವವರೆಗೆ ಎಲ್ಲ ಚೆಂದ. ಕಡತವನ್ನು ಆ ಫಾಂಟ್ ಇಲ್ಲದ ಗಣಕಕ್ಕೆ ಒಯ್ದಿರೋ, ಮುಖವಾಡ ಕಳಚಿ ಬಿದ್ದು ಪೌಂಡ್‌ಗಳ ಸಂತೆ ಕಾಣುತ್ತದೆ. ಒಂದು ಕಂಪನಿಯ ಮುಖವಾಡ ಇನ್ನೊಂದು ಕಂಪನಿಯ ಮುಖಕ್ಕೆ ಹೊಂದುತ್ತಲೂ ಇರಲಿಲ್ಲ.

ಇನ್‌ಪೇಜ್‌ನಲ್ಲೂ ಅದೇ ಹಣೆಬರಹ. ಅದರ ಕಡತ ಅದಕ್ಕೊಂದಕ್ಕೇ ಅರ್ಥವಾಗುವ ಗುಪ್ತಭಾಷೆಯಲ್ಲಿತ್ತು. ಹಾಗಾಗಿಯೇ ನಮ್ಮ ತಂಗಿಯ ಮದುವೆಗೆ ಕತ್ತರಿ ಬೇಕಾದದ್ದು.

ಕೀಲಿಮಣೆಯ ಗೊಂದಲಕ್ಕೆ ಒಂದು ದಾರಿ ತೋರಿಸಿದವರು ಕೆ.ಪಿ. ರಾವ್. ಮಂಗಳೂರು ಬಳಿಯ ಕಿನ್ನಿಕಂಬಳದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಮುದ್ರಣ ತಂತ್ರಜ್ಞಾನದ ಕ್ಷೇತ್ರದಲ್ಲೂ ದುಡಿದವರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. ಕೆ ಒತ್ತಿದರೆ 'ಕ', ದೊಡ್ಡ ಕೆ ಒತ್ತಿದರೆ 'ಖ', ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಷ್ಟೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟ ತಮ್ಮ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಅವರ ಕೀಲಿಮಣೆಯೇ ಮುಂದೆ ಸರಕಾರದ ಅಧಿಕೃತ ವಿನ್ಯಾಸಕ್ಕೆ ತಳಹದಿಯಾಯಿತು. ಇಂದು ದಿನವೂ ಲಕ್ಷಾಂತರ ಬೆರಳುಗಳು ಒತ್ತುವ ಆ ಜೋಡಣೆಯಿಂದ ಅವರು ಹಣ ಮಾಡಲು ಹೋಗಲಿಲ್ಲ. ಬೆಲೆಯ ತಂತ್ರಾಂಶಗಳಿಗೆ ಕೈ ಹಾಕಲಾಗದ ಸಣ್ಣ ಊರಿನ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

1998ರಲ್ಲಿ 'ಬರಹ' ಬಂತು. ಅಮೆರಿಕದಲ್ಲಿದ್ದ ಇಂಜಿನಿಯರ್ ಶೇಷಾದ್ರಿವಾಸು ಚಂದ್ರಶೇಖರನ್ ಒಬ್ಬರೇ ಕೂತು ಮಾಡಿದ್ದು. ಉಚಿತವಾಗಿ ಹಂಚಿದ್ದು. (ಬಹಳ ವರ್ಷಗಳ ಮೇಲೆ ಬಂದ ಆವೃತ್ತಿಗಳಿಗೆ ಬೆಲೆ ಇಟ್ಟರು. ಅಷ್ಟು ವರ್ಷ ಪುಕ್ಕಟೆ ಉಂಡವರಿಗೆ ಅದನ್ನು ಆಕ್ಷೇಪಿಸುವ ಹಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ.) ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅದೂ ಉಚಿತ. ಸರಕಾರದ ಬೆಂಬಲವಿದ್ದುದರಿಂದ ತಾಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಅದು ಹಬ್ಬಿತು.

ಬರಹವೋ ನುಡಿಯೋ ಎಂದು ನಮ್ಮ ಕಾಲೇಜಿನಲ್ಲಿ ಜಗಳವೇ ಆಗುತ್ತಿತ್ತು. ಬರಹದಲ್ಲಿ ಇಂಗ್ಲಿಷಿನಲ್ಲಿ ಉಚ್ಚರಿಸಿದಂತೆ ಒತ್ತಬೇಕು, ಕೆ ಮಾತ್ರ ಒತ್ತಿದರೆ 'ಕ್', ಎ ಸೇರಿಸಿದರೆ 'ಕ'. ನುಡಿಯಲ್ಲಿ ಕೆ ಎಂದರೆ ನೇರವಾಗಿ 'ಕ'. ಪರದೇಶದ ಇಂಜಿನಿಯರುಗಳು, ಕಾಲೇಜು ಹುಡುಗರು ಬರಹದ ಕಡೆ. ಟೈಪಿಸ್ಟರು, ಗುಮಾಸ್ತರು ನುಡಿಯ ಕಡೆ. ನಾವು ಯಾವುದನ್ನು ಆರಿಸಿಕೊಂಡೆವು? ಗುಣಾವಗುಣ ತೂಗಿ ಆರಿಸಿದೆವು ಎಂದರೆ ಸುಳ್ಳಾದೀತು. ನಮ್ಮ ಬೀದಿಯ ಡಿ.ಟಿ.ಪಿ. ಹುಡುಗನಿಗೆ ನುಡಿ ಗೊತ್ತಿತ್ತು. ಆದ್ದರಿಂದ ನಾವೂ ನುಡಿ. ಸಿಕ್ಕಿಹಾಕಿಕೊಂಡಾಗ ಓಡಿಹೋಗಿ ಕೇಳಲು ಯಾರಿದ್ದಾರೆ ಎಂಬುದೇ ಆಯ್ಕೆ. ದೊಡ್ಡ ಕಂಪನಿಗಳ ಜಾಹೀರಾತು, ಪತ್ರಿಕೆಗಳ ವಿಮರ್ಶೆ ಯಾವುದೂ ನಮ್ಮ ಬೀದಿಯವರೆಗೆ ಬರುತ್ತಿರಲಿಲ್ಲ. ಆ ಹುಡುಗ ಬರುತ್ತಿದ್ದ. ಒಂದು ಲೋಟ ಚಹಾಕ್ಕೆ ವೈರಸ್ ತೆಗೆದುಕೊಡುತ್ತಿದ್ದ.

ಇನ್ನೊಂದು ಕಡೆಯಿಂದಲೂ ಇಂಥ ಜನ ತಯಾರಾಗುತ್ತಿದ್ದರು. 1996ರಲ್ಲಿ ಕೆಲಸ ಆರಂಭಿಸಿದ ಕೇಂದ್ರ ಸರಕಾರದ ಉರ್ದು ಭಾಷಾ ಅಭಿವೃದ್ಧಿ ಪರಿಷತ್ತು ದೇಶದ ಹಲವೆಡೆ ಗಣಕ ಕೇಂದ್ರಗಳನ್ನು ತೆರೆಸಿ, ಉರ್ದು ಬಲ್ಲವರಿಗೆ ಬಹುಭಾಷಾ ಡಿ.ಟಿ.ಪಿ. ಸೇರಿದ ಒಂದು ವರ್ಷದ ಡಿಪ್ಲೊಮಾ ಕಲಿಸಿತು. ನಮ್ಮ ಬಂಧುಗಳಲ್ಲೇ ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಕಲಿತರು. ಒಬ್ಬಳಂತೂ ಮದುವೆಯಾಗುವವರೆಗೆ ಮನೆಯಲ್ಲೇ ಗಣಕ ಇಟ್ಟುಕೊಂಡು ಇಡೀ ಮೊಹಲ್ಲಾದ ಕಾರ್ಡು, ಕರಪತ್ರ, ರಸೀದಿ ಪುಸ್ತಕ ಮಾಡಿಕೊಟ್ಟಳು. ಕಾತಿಬ್ ಸಾಹೇಬರು ಒಂದು ದಿನ ಅವಳ ಮನೆಗೆ ಹೋಗಿ ಬಹಳ ಹೊತ್ತು ನಿಂತು ಪರದೆ ನೋಡಿದರಂತೆ. "ಗೆರೆ ಸರಿಯಾಗಿದೆ ಮಗಳೇ, ಉಸಿರಿಲ್ಲ ಅಷ್ಟೆ" ಎಂದು ಹೇಳಿ ಬಂದರಂತೆ. ಆ ಹೊತ್ತಿಗೆ ಅವರ ಬಳಿ ಕೆಲಸ ತರುವವರು ನಿಂತೇ ಹೋಗಿದ್ದರು. ನಾವು ತಂತ್ರಾಂಶದ ಗುಣಗಾನ ಮಾಡುವಾಗ ಈ ಲೆಕ್ಕವನ್ನೂ ಬರೆದಿಡಬೇಕು.

2008ರ ಸುಮಾರಿಗೆ ನಮ್ಮ ಮೊದಲ ಕಥಾಸಂಕಲನದ ಮಾತು ಬಂತು. ಹನ್ನೊಂದು ಕತೆಗಳು. ಐದು ಕತೆ ಫ್ಲಾಪಿಯಲ್ಲಿದ್ದವು. ಆ ಫ್ಲಾಪಿಗಳಿಗೆ ಬೂಷ್ಟು ಹಿಡಿದು ಎರಡು ಓದಲೇ ಆಗಲಿಲ್ಲ. ಮಿಕ್ಕ ಆರು ಸಿ.ಡಿ.ಯಲ್ಲಿ. ಆದರೆ ಅವುಗಳಲ್ಲಿ ಮೂರು, ಹೆಸರು ಬೇಡ, ಅಷ್ಟು ಹೊತ್ತಿಗೆ ಅಂಗಡಿ ಮುಚ್ಚಿದ್ದ ಯಾವುದೋ ತಂತ್ರಾಂಶದ ಫಾಂಟಿನಲ್ಲಿ ಟೈಪಾಗಿದ್ದವು. ತೆರೆದರೆ ಬರೀ ಪೌಂಡ್, ಡಾಲರು, ಟೋಪಿ ಹಾಕಿದ ಅಕ್ಷರಗಳು. ನಮ್ಮದೇ ಕತೆ, ನಮಗೇ ಓದಲು ಬಾರದು. ಫ್ಲಾಪಿಯಲ್ಲಿ ಹೋದ ಎರಡು ಕತೆಗಳಲ್ಲಿ ಒಂದನ್ನು ನೆನಪಿನಿಂದ ಮತ್ತೆ ಬರೆದೆವು. ಇನ್ನೊಂದು ಹೋದದ್ದು ಹೋಯಿತು. ಅದೇ ಹೆಚ್ಚು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಕಳೆದುಹೋದದ್ದು ಯಾವತ್ತೂ ಹಾಗೇ ಅಲ್ಲವೇ?

ಈ ರೋಗಕ್ಕೆ ಮದ್ದು ಅದಾಗಲೇ ಇತ್ತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಡುವ ಯುನಿಕೋಡ್ ಏರ್ಪಾಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡವೂ ಅದರಲ್ಲಿತ್ತು. ಅಲ್ಲಿ 'ನ' ಎಂದರೆ 'ನ', ಯಾವ ಗಣಕದಲ್ಲೂ ಯಾವ ದೇಶದಲ್ಲೂ. ಪೌಂಡ್ ತನ್ನ ಪಾಡಿಗೆ ತಾನು ಪೌಂಡ್. ಕನ್ನಡವನ್ನು ಬಲಗಡೆಯಿಂದ ಬರೆಯುವ ಲಿಪಿಯ ಜೊತೆ ಒಂದೇ ಸಾಲಿನಲ್ಲಿ ಕೂರಿಸಲೂ ಬಹುದು. ಆದರೆ ಸಂಖ್ಯೆ ಕೊಟ್ಟರೆ ಸಾಕೇ? ಅಕ್ಷರವನ್ನು ತೆರೆಯ ಮೇಲೆ ಸರಿಯಾಗಿ ಬಿಡಿಸುವ ವ್ಯವಸ್ಥೆ ಬೇಕು. ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಫಾಂಟಿನೊಂದಿಗೆ ಕನ್ನಡಕ್ಕೆ ಜಾಗ ಕೊಟ್ಟಿತು. ಅದನ್ನೂ ಸಿ.ಡಿ. ಹಾಕಿ ಬೇರೆಯಾಗಿ ಅನುಸ್ಥಾಪಿಸಬೇಕಿತ್ತು. ಹೇಗೆಂದು ತಿಳಿಸುವವರು ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ. ಡಿ.ಟಿ.ಪಿ. ಹುಡುಗನೂ ಕೈಚೆಲ್ಲಿದ. ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಕೊನೆಗೂ ಬರಲಿಲ್ಲ, ಪ್ರೆಸ್ಸಿನವರಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ.

ಆಗ ನಾವು ಮೊದಲ ಬಾರಿಗೆ ಬೀದಿಯಾಚೆಗೆ ಕೈಚಾಚಿದೆವು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಿತ್ತು, 2005ರಲ್ಲಿ 'ಸಂಪದ'. ಅಂಥ ಕಡೆಗಳಲ್ಲಿ ಕನ್ನಡದ ಹುಡುಗರು ಒಬ್ಬರಿಗೊಬ್ಬರು ಫಾಂಟು, ಕೀಲಿಮಣೆ, ಲಿನಕ್ಸ್ ಎಂದು ಹೇಳಿಕೊಡುತ್ತಿದ್ದರು. ನಾವು ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಕೂತು, ಅಂಥದೊಂದು ಗುಂಪಿಗೆ ಇಂಗ್ಲಿಷಿನಲ್ಲೇ ಒಂದು ಸಾಲು ಬರೆದೆವು: "ಕನ್ನಡ ಬರುತ್ತಿಲ್ಲ, ಸಹಾಯ ಮಾಡಿ." ಮೂರು ದಿನ ಬಿಟ್ಟು ಹೋಗಿ ನೋಡಿದರೆ ಉತ್ತರವಿಲ್ಲ, ಮೂರು ಪ್ರಶ್ನೆಗಳಿವೆ. ನಿಮ್ಮದು ಯಾವ ಕಾರ್ಯಾಚರಣ ವ್ಯವಸ್ಥೆ? ಯಾವ ಆವೃತ್ತಿ? ಏನು ಒತ್ತಿದಿರಿ, ಏನು ಕಾಣಿಸಿತು? ಸಿಟ್ಟು ಬಂತು. ಕೇಳಿದ್ದಕ್ಕೆ ಉತ್ತರ ಹೇಳದೆ ಪೊಲೀಸರಂತೆ ವಿಚಾರಣೆ ಮಾಡುತ್ತಾರಲ್ಲ ಎಂದು. ಆಮೇಲೆ ಹಕೀಮರ ನೆನಪಾಯಿತು. 'ಆರಾಮಿಲ್ಲ' ಎಂದರೆ ಯಾವ ಹಕೀಮ ತಾನೇ ಪುಡಿ ಕಟ್ಟಿಕೊಟ್ಟಾನು? ನಾಲಿಗೆ ತೋರಿಸಬೇಕು, ನಾಡಿ ಹಿಡಿಸಬೇಕು, ನಿನ್ನೆ ಏನು ತಿಂದೆ ಎಂದು ಹೇಳಬೇಕು. ಮತ್ತೆ ಮನೆಗೆ ಹೋಗಿ ಎಲ್ಲ ಬರೆದುಕೊಂಡು ಬಂದು ಉತ್ತರಿಸಿದೆವು. ಅರ್ಧ ಗಂಟೆಯಲ್ಲಿ ದಾರಿ ಸಿಕ್ಕಿತು. ಹೇಳಿಕೊಟ್ಟವರನ್ನು ನಾವು ಇವತ್ತಿನವರೆಗೂ ಕಂಡಿಲ್ಲ.

ಕತೆಗಳ ವಿಷಯದಲ್ಲೂ ಅಷ್ಟೆ. ಆ ಮೂರು ಕತೆಗಳ ಫಾಂಟ್ ಯಾವುದೆಂದು ಪತ್ತೆ ಹಚ್ಚಿ, ಯುನಿಕೋಡಿಗೆ ಪರಿವರ್ತಿಸಿ ಕಳಿಸಿದವರು ಇನ್ನೊಬ್ಬ ಅಪರಿಚಿತರು. ಹಣದ ಮಾತೆತ್ತಿದ್ದಕ್ಕೆ, "ಪೂರ್ತಿ ಓದಿ, ಎಲ್ಲಿ ತಪ್ಪಾಗಿದೆ ಅಂತ ಪಟ್ಟಿ ಮಾಡಿ ಕಳಿಸಿ, ಸಾರ್. ನಿಮ್ಮ ತಪ್ಪುಗಳಿಂದ ಮುಂದಿನವರ ಕೆಲಸ ಸುಲಭ ಆಗುತ್ತೆ" ಎಂದು ಬರೆದರು. ನಾವು ಎರಡು ವಾರ ಕೂತು ಓದಿದೆವು. ಹೆಚ್ಚಿನ ತಪ್ಪುಗಳೆಲ್ಲ ಅರ್ಕಾವತ್ತಿನವು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯುನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕಕ್ಕೆ ಇದು ತಿಳಿಯದಿದ್ದರೆ 'ಧರ್ಮ'ವು 'ಧಮರ್' ಆಗುತ್ತದೆ, 'ಕಾರ್ಯ'ವು 'ಕಾಯರ್' ಆಗುತ್ತದೆ. ನಮ್ಮ ಕತೆಯ ನಾಯಕನ ಊರು ತೀರ್ಥಹಳ್ಳಿ, ಅದಂತೂ ಗುರುತೇ ಸಿಗದಂತಾಗಿತ್ತು. ಓದುಗರು ಅಂತರ್ಜಾಲದಲ್ಲಿ ಇಂಥ ಪದಗಳನ್ನು ನೋಡಿರಬಹುದು. ಇನ್ನು ಕೆಲವರು ಅರ್ಕಾವತ್ತು ಸಿಗದೆ ಕನ್ನಡದ ಒಂಬತ್ತನ್ನೇ ಅದರ ಜಾಗದಲ್ಲಿ ಒತ್ತಿ 'ಕನಾ೯ಟಕ' ಎಂದು ಬರೆಯುತ್ತಾರೆ. ಕಣ್ಣಿಗೆ ವ್ಯತ್ಯಾಸ ಕಾಣದು. ಗಣಕದಲ್ಲಿ ಕರ್ನಾಟಕ ಎಂದು ಹುಡುಕಿದರೆ ಅದು ಸಿಗುವುದೂ ಇಲ್ಲ.

ಈ ಪರಿವರ್ತನೆಯ ಕೆಲಸ ಒಬ್ಬ ಕತೆಗಾರನ ಮೂರು ಕತೆಗಳಿಗೆ ನಿಲ್ಲಲಿಲ್ಲ. 'ಸಂಚಯ' ಎಂಬ ಗೆಳೆಯರ ಬಳಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯುನಿಕೋಡಿಗೆ ತಂದು 'ವಚನ ಸಂಚಯ'ವಾಗಿ ತೆರೆದಿಟ್ಟಿತು. ಇಂದು 'ಕಾಯಕ' ಎಂಬ ಪದ ಯಾವ ಯಾವ ವಚನದಲ್ಲಿದೆ ಎಂದು ಯಾರು ಬೇಕಾದರೂ ಕ್ಷಣದಲ್ಲಿ ನೋಡಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಇಂಥವರಿಂದಲೇ ಬಂದವು. 2010ರ ದಶಕದ ಆರಂಭದಲ್ಲಿ ರಾಜ್ಯ ಸರಕಾರವೂ ಯುನಿಕೋಡನ್ನು ಒಪ್ಪಿಕೊಂಡಿತು. ಆದರೂ ಇಂದಿಗೂ ಎಷ್ಟೋ ಪ್ರೆಸ್ಸುಗಳು ನಾವು ಯುನಿಕೋಡಿನಲ್ಲಿ ಕೊಟ್ಟದ್ದನ್ನು ಮತ್ತೆ ನುಡಿಗೆ ತಿರುಗಿಸಿಕೊಂಡೇ ಪುಟ ಕಟ್ಟುತ್ತವೆ.

ಉಚಿತ ಎಂಬುದಕ್ಕೂ ಮುಕ್ತ ಎಂಬುದಕ್ಕೂ ಇರುವ ವ್ಯತ್ಯಾಸ ನಮಗೆ ತಿಳಿದದ್ದು ಒಂದು ಅಂಚೆ ಲಕೋಟೆಯಿಂದ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯವರು 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಸಿ.ಡಿ.ಯನ್ನು ಅಂಚೆ ಖರ್ಚಿಲ್ಲದೆ ಕಳಿಸುತ್ತಿದ್ದರು. ನಾವೂ ಕೇಳಿದ್ದೆವು. ಪರದೇಶದ ಅಂಚೆಚೀಟಿ ಇದ್ದ ಲಕೋಟೆಯನ್ನು ಅಂಚೆಯಣ್ಣ ಸಹಿ ಹಾಕಿಸಿಕೊಳ್ಳದೇ ಕೊಡಲು ಹಿಂದೆಮುಂದೆ ನೋಡಿದ. "ಗಲ್ಫಿಂದ ಬಂತಾ ಸಾಬ್ರೇ?" ಎಂದು ವಿಚಾರಿಸಿದ. ಒಳಗೆ ಸಿ.ಡಿ. ಇತ್ತು, ಬಳಸಿ, ನಕಲು ಮಾಡಿ, ಹಂಚಿ ಎಂದು ಅದರ ಮೇಲೆಯೇ ಬರೆದಿತ್ತು. ಬೀಗ ಒಡೆದ ಪ್ರತಿಗಳನ್ನು ಕದ್ದುಮುಚ್ಚಿ ಇಟ್ಟುಕೊಂಡಿದ್ದ ನಮಗೆ, ನಕಲು ಮಾಡಿ ಎಂದು ಮಾಡಿದವರೇ ಹೇಳುವುದು ವಿಚಿತ್ರವಾಗಿ ಕಂಡಿತು. ಅದರೊಳಗೆ ಓಪನ್‌ಆಫೀಸ್ ಇತ್ತು. 2010ರಲ್ಲಿ ಅದರ ಬಳಗದ ಬಹಳಷ್ಟು ಮಂದಿ ಬೇರೆಯಾಗಿ ಲಿಬ್ರೆಆಫೀಸ್ ಕಟ್ಟಿದರು. ನಮ್ಮ ಬರವಣಿಗೆಯೆಲ್ಲ ಈಗ ಅದರಲ್ಲೇ. ಸುಲಭವಾಯಿತು ಎಂದು ಹೇಳಲಾರೆವು. ಮೊದಲ ಆರು ತಿಂಗಳು ಪ್ರಿಂಟರ್ ಮಾತು ಕೇಳಲಿಲ್ಲ, ಪ್ರಕಾಶಕರಿಗೆ ಕಳಿಸಿದ ಕಡತ ಅವರಲ್ಲಿ ಅಡ್ಡಾದಿಡ್ಡಿಯಾಗಿ ತೆರೆಯಿತು. ಮನೆಯವರು, "ಎಲ್ಲರ ಮನೆಯಲ್ಲಿರುವುದು ನಮಗೆ ಯಾಕೆ ಬೇಡ?" ಎಂದು ಕೇಳಿದರು. ಒಪ್ಪುವಂಥ ಪ್ರಶ್ನೆಯೇ. ಸಾಲಿನ ತೀರಾ ತಪ್ಪಾದ ಕಡೆ ಒತ್ತಕ್ಷರ ಒಡೆಯುವುದನ್ನು ವರದಿ ಮಾಡಿದಾಗ ಅದು ಮುಂದೊಂದು ಆವೃತ್ತಿಯಲ್ಲಿ ಸರಿಯಾಗಿ ಬಂದುದನ್ನು ನೋಡಿದ ದಿನ ನಾವು ಉತ್ತರ ಕೊಡುವುದನ್ನೇ ಬಿಟ್ಟೆವು.

ಉರ್ದುವಿನ ಕಡೆಗೂ ಇಂಥದೇ ಜನ ಇದ್ದರು. ಯುನಿಕೋಡಿನಲ್ಲಿ ಉರ್ದು ಬಹಳ ಕಾಲ ನಸ್ಖ್‌ನಲ್ಲೇ ಕಾಣುತ್ತಿತ್ತು. 2005ರಲ್ಲಿ ಹುಟ್ಟಿದ 'ಉರ್ದು ಮೆಹಫಿಲ್' ಎಂಬ ಬಳಗದಲ್ಲಿ ಭಾರತ, ಪಾಕಿಸ್ತಾನ, ಪರದೇಶಗಳ ಉರ್ದುವಾಲಾಗಳು ಕೂಡಿಕೊಂಡರು. 2008ರಲ್ಲಿ 'ಜಮೀಲ್ ನೂರಿ ನಸ್ತಾಲೀಕ್' ಎಂಬ ಯುನಿಕೋಡ್ ಫಾಂಟು ಹರಡಿತು. ಮೂಲ ಆಕಾರಗಳ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಆ ಹುರುಪಿನಲ್ಲಿ ಹೆಚ್ಚಿನವರು ಕೇಳಲಿಲ್ಲ, ನಾವೂ ಕೇಳಲಿಲ್ಲ. 2014ರಲ್ಲಿ ಗೂಗಲ್ 'ನೋಟೋ ನಸ್ತಾಲೀಕ್ ಉರ್ದು' ಎಂಬ ಮುಕ್ತ ಫಾಂಟನ್ನು ಹೊರತಂದಿತು. 2017ರಲ್ಲಿ ಆಪಲ್ ಫೋನುಗಳಲ್ಲೂ ನಸ್ತಾಲೀಕ್ ಮೂಡಿತು. ಅಷ್ಟು ಹೊತ್ತಿಗೆ ನಮ್ಮ ಮೊಹಲ್ಲಾದ ಹುಡುಗರು ವಾಟ್ಸಾಪಿನಲ್ಲಿ ದಖನಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಇಲ್ಲವೇ ಕನ್ನಡ ಅಕ್ಷರಗಳಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಯಂತ್ರ ಕೊನೆಗೂ ಲಿಪಿ ಕಲಿತಾಗ ಮನೆಯಲ್ಲಿ ಅದನ್ನು ಓದುವವರು ಕಡಿಮೆಯಾಗಿದ್ದರು.

ಕಳೆದ ವರ್ಷ ತಂಗಿಯ ಮಗಳ ಮದುವೆ. ಕಾರ್ಡನ್ನು ನಾವೇ ಲಿಬ್ರೆಆಫೀಸಿನಲ್ಲಿ ಮಾಡಿದೆವು. ಬಲಗಡೆ ನಸ್ತಾಲೀಕ್, ಎಡಗಡೆ ಕನ್ನಡ, ಒಂದೇ ಕಡತ. ಕತ್ತರಿ ಮುಟ್ಟಲಿಲ್ಲ. ಒಂದು ಕಡೆ ಮಾತ್ರ ಉರ್ದು ಸಾಲಿನ ನಡುವೆ ಕನ್ನಡದಲ್ಲಿ ಛತ್ರದ ಹೆಸರು ಹಾಕಿದಾಗ ಆವರಣ ಚಿಹ್ನೆ ಹಾರಿ ಆಚೆ ಕೂತಿತು. ಅಮ್ಮಿಗೆ ತೋರಿಸಿದರೆ ಕನ್ನಡಕ ಸರಿಮಾಡಿಕೊಂಡು ಉರ್ದುವನ್ನು ಗಟ್ಟಿಯಾಗಿ ಓದಿದರು. ಮದುಮಗಳು ಪಕ್ಕದಲ್ಲಿ ನಿಂತು ಕನ್ನಡ ಓದಿಕೊಂಡಳು.

ಹೋದ ತ್ರಾಂಶದ ಬಗ್ಗೆ ನಾವು ಅಲ್ಲಿ ಇಲ್ಲಿ ಬರೆದದ್ದನ್ನು ನೋಡಿಯೋ ಏನೋ, ಮೊನ್ನೆ ಕಲಬುರಗಿಯಿಂದ ಒಬ್ಬರು ಸಂದೇಶ ಕಳಿಸಿದ್ದಾರೆ. ಅವರ ತಂದೆ ಉರ್ದುವಿನಲ್ಲಿ ಗಜಲ್ ಬರೆಯುತ್ತಿದ್ದರಂತೆ. ತೀರಿಕೊಂಡು ನಾಲ್ಕು ವರ್ಷವಾಯಿತು. ಹಳೆಯ ಗಣಕದಲ್ಲಿ ಇನ್‌ಪೇಜ್‌ನ ನಲವತ್ತು ಕಡತಗಳಿವೆ, ಒಂದೂ ತೆರೆಯುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ ಎಂದು ಒಂದೇ ಸಾಲು. ಇನ್‌ಪೇಜ್ ಯಾವ ಆವೃತ್ತಿಯದು, ತೆರೆಯಲು ಹೋದಾಗ ಪರದೆಯ ಮೇಲೆ ಏನು ಕಾಣುತ್ತದೆ ಎಂದು ಕೇಳಿ ಉತ್ತರ ಬರೆದಿದ್ದೇವೆ.